ಗಡಿ ದಾಟಿದ ಹಳೇ ಗಾಡಿಗೆ ಯಾವ ಬೆಲೆಯ ಮೇಲೆ ತೆರಿಗೆ?

ಆಳಂದ ತಾಲ್ಲೂಕಿನ ಭೂಸನೂರ, ನಿಂಬರ್ಗಾ, ಮಾದನ ಹಿಪ್ಪರಗಾ ಸೀಮೆಯವರಿಗೆ ಹಳೇ ಕಾರು ಬೇಕೆಂದರೆ ಕಲಬುರಗಿಯಂತೆ ಸೊಲ್ಲಾಪುರವೂ ತಮ್ಮದೇ ಪೇಟೆ. ಹಿರೋಳಿ ದಾಟಿದರೆ ವಾಗ್ದರಿ, ಮುಂದೆ ಅಕ್ಕಲಕೋಟೆ. ಅಲ್ಲಿ ಆಡುವುದೂ ಕನ್ನಡವೇ, ಬೀಗರು ಬಿಜ್ಜರೂ ಅಲ್ಲಿದ್ದಾರೆ. ಮೊಬೈಲಿನಲ್ಲಿ ಫೋಟೊ ನೋಡಿ, ಹೋಗಿ ಗಾಡಿ ಓಡಿಸಿ, ದರ ಮುರಿದು, ಸಂಜೆಯೊಳಗೆ ಮನೆ ಮುಂದೆ ತಂದು ನಿಲ್ಲಿಸಬಹುದು. ತೊಡಕು ಶುರುವಾಗುವುದು ಆಮೇಲೆ. ಸೊಲ್ಲಾಪುರದ ‘ಎಂಎಚ್-13 ಪಾಸಿಂಗ್’ ಗಾಡಿ ಕಲಬುರಗಿಯ ಕೆಎ-32 ಆಗಬೇಕಾದರೆ ಕರ್ನಾಟಕಕ್ಕೆ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆ ನಿಗದಿಯಾಗುವುದು ಕೊಂಡವರು ಕೊಟ್ಟ ಬೆಲೆಯ ಮೇಲಲ್ಲ, ಆ ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಈ ಒಂದು ಲೆಕ್ಕ ತಪ್ಪಾಗಿದೆ ಎಂಬುದೇ ಈ ಲೇಖನದ ವಾದ. ಗಡಿ ತಾಲ್ಲೂಕುಗಳಲ್ಲಿ ಗಾಡಿ ಒಬ್ಬರ ಹೆಸರಿನಲ್ಲಿ, ಸ್ಟೇರಿಂಗ್ ಇನ್ನೊಬ್ಬರ ಕೈಯಲ್ಲಿ ಇರುವುದಕ್ಕೆ ಜನರ ಉದಾಸೀನಕ್ಕಿಂತ ಈ ಲೆಕ್ಕವೇ ದೊಡ್ಡ ಕಾರಣ.

ಅಂಕಿಗಳನ್ನೇ ನೋಡೋಣ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ 5 ಲಕ್ಷ ರೂಪಾಯಿವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಶೇ 11ರಷ್ಟು ಸೆಸ್ ಬೇರೆ. ದೇಶದಲ್ಲೇ ಅತಿ ಹೆಚ್ಚಿನ ದರಗಳ ಸಾಲಿನಲ್ಲಿ ಇದು ನಿಲ್ಲುತ್ತದೆ. ಹೊಸದಾಗಿದ್ದಾಗ 6 ಲಕ್ಷ ಬೆಲೆಯಿದ್ದ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳಿ. ಕಲಬುರಗಿಯಲ್ಲೇ ಹೊಸದಾಗಿ ನೋಂದಾಯಿಸಿದ್ದರೆ ತೆರಿಗೆ, ಸೆಸ್ ಸೇರಿ 93 ಸಾವಿರ ರೂಪಾಯಿ ಆಗುತ್ತಿತ್ತು. ಅದೇ ಕಾರು ಸೊಲ್ಲಾಪುರದಲ್ಲಿ 7 ವರ್ಷ ಓಡಿ 8ನೇ ವರ್ಷದಲ್ಲಿ ಇಲ್ಲಿಗೆ ಬಂದರೆ, ವಯಸ್ಸಿಗೆ ತಕ್ಕಂತೆ ಇಳಿಯುವ ಕೋಷ್ಟಕದ ಪ್ರಕಾರ ಅದರಲ್ಲಿ ಶೇ 60ರ ಹತ್ತಿರ, ಅಂದರೆ ಸುಮಾರು 55 ಸಾವಿರ ಕಟ್ಟಬೇಕು. ಕಾರಿನ ಈಗಿನ ಬೆಲೆ 2 ಲಕ್ಷ ಎಂದುಕೊಳ್ಳಿ. ಕೊಂಡ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು ಹಣ ನಂಬರ್ ಬದಲಿಸಲೆಂದೇ ಹೋಗುತ್ತದೆ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11ರ ತೆರಿಗೆ ಇದೆ. ಅಲ್ಲಿ ಮೊದಲ ಮಾಲೀಕರು ಕಟ್ಟಿದ 66 ಸಾವಿರವನ್ನೂ ಸೇರಿಸಿದರೆ, 6 ಲಕ್ಷದ ಒಂದು ಕಾರಿನ ಮೇಲೆ ಎರಡು ಸರ್ಕಾರಗಳಿಗೆ 1.20 ಲಕ್ಷಕ್ಕೂ ಹೆಚ್ಚು ಸಂದಾಯವಾದಂತಾಯಿತು.

ಇದನ್ನು ಕಲಬುರಗಿಯಲ್ಲೇ ಹುಟ್ಟಿ ಬೆಳೆದ ಕೆಎ-32 ಕಾರಿನ ಜೊತೆ ಹೋಲಿಸಿದಾಗ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಅದೇ ಮಾದರಿ, ಅದೇ ವಯಸ್ಸು, ಅದೇ 2 ಲಕ್ಷ ಬೆಲೆ. ಹೊಸದಾಗಿದ್ದಾಗ ಕಟ್ಟಿದ 93 ಸಾವಿರ ತೆರಿಗೆಯೂ ಕಾರಿನ ಬೆಲೆಯ ಜೊತೆಗೇ ಸವೆಯುತ್ತ ಬಂದಿದೆ. ಕಾರಿನ ಮೌಲ್ಯ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಅದರೊಳಗಿನ ತೆರಿಗೆಯೂ ಅಷ್ಟಕ್ಕೇ, ಸುಮಾರು 31 ಸಾವಿರಕ್ಕೆ ಇಳಿದಿರುತ್ತದೆ. ಸ್ಥಳೀಯ ಹಳೇ ಕಾರನ್ನು ಕೊಂಡವರು ಬೆಲೆಯೊಳಗೆ ಹೊರುವ ತೆರಿಗೆ 31 ಸಾವಿರ, ಸೊಲ್ಲಾಪುರದ್ದನ್ನು ತಂದವರು ಬೆಲೆಯ ಮೇಲೆ ಕಟ್ಟಬೇಕಾದದ್ದು 55 ಸಾವಿರ. ಬೆಲೆಯ ಮಾತು ಬಿಟ್ಟು ಆಯುಷ್ಯದ ಲೆಕ್ಕ ಹಿಡಿದರೂ ಇದು ಹೊಂದುವುದಿಲ್ಲ. ಮೋಟಾರು ವಾಹನ ಕಾಯ್ದೆ ಸ್ವಂತ ಬಳಕೆಯ ವಾಹನದ ನೋಂದಣಿಗೆ ಕೊಟ್ಟಿರುವ ಅವಧಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬಹುದು, ಅದಕ್ಕೆ ಬೇರೆ ಶುಲ್ಕವೂ ಇದೆ. 8ನೇ ವರ್ಷದಲ್ಲಿ ಬಂದ ಕಾರಿಗೆ ಆ ಅವಧಿಯ ಅರ್ಧ ಉಳಿದಿರುತ್ತದೆ. ಅರ್ಧ ಆಯುಷ್ಯಕ್ಕೆ ಅರ್ಧಕ್ಕಿಂತ ಹೆಚ್ಚು ತೆರಿಗೆ ಏಕೆ ಎಂಬ ಪ್ರಶ್ನೆಗೆ ಕೋಷ್ಟಕದಲ್ಲಿ ಉತ್ತರವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲಂತೂ ಅಂತರ ಇನ್ನೂ ಹಿಗ್ಗುತ್ತದೆ. ಹೊಸ ಕಾರು ಅಗ್ಗವಾದರೆ ಹಳೇ ಕಾರಿನ ದರವೂ ಇಳಿಯಲೇಬೇಕು, ಆದರೆ ತೆರಿಗೆಗೆ ಆಧಾರ ಮಾತ್ರ ಆ ಕಾಲದ ದುಬಾರಿ ಬೆಲೆಯೇ.

ಇದೇ ಪ್ರಶ್ನೆ ಯುರೋಪಿನಲ್ಲಿ ಎದ್ದು ಬಗೆಹರಿದಿದೆ. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಹಳೇ ಕಾರುಗಳು ದಿನವೂ ಗಡಿ ದಾಟುತ್ತವೆ. ಜರ್ಮನಿಯಲ್ಲಿ ಕೊಂಡು ಪೋಲೆಂಡಿಗೋ ರೊಮೇನಿಯಾಕ್ಕೋ ಓಡಿಸಿಕೊಂಡು ಹೋಗುವುದು ಅಲ್ಲಿ ನಿತ್ಯದ ವ್ಯವಹಾರ. ಕಾರಿನ ತೆರಿಗೆಯ ದರ ನಿಗದಿಪಡಿಸುವ ಹಕ್ಕು ಅಲ್ಲಿಯೂ ಆಯಾ ದೇಶದ್ದೇ. ಡೆನ್ಮಾರ್ಕ್ ಹೊರಗಿನಿಂದ ಬಂದ ಹಳೇ ಕಾರಿಗೆ ಹೊಸ ಬೆಲೆಯ ಶೇ 90ರಷ್ಟನ್ನೇ ಆಧಾರವಾಗಿಟ್ಟು ತೆರಿಗೆ ಹಾಕುತ್ತಿತ್ತು. 1990ರ ಡಿಸೆಂಬರಿನಲ್ಲಿ ಒಕ್ಕೂಟದ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ನ್ಯಾಯಾಲಯ ಹಂತಹಂತವಾಗಿ ರೂಪಿಸಿದ ಸೂತ್ರ ಸರಳ: ಹೊರಗಿನಿಂದ ಬಂದ ಹಳೇ ಕಾರಿನ ಮೇಲಿನ ತೆರಿಗೆ, ಒಳಗೇ ನೋಂದಾಯಿಸಿದ ಅಂಥದ್ದೇ ಹಳೇ ಕಾರಿನ ಬೆಲೆಯಲ್ಲಿ ಉಳಿದಿರುವ ತೆರಿಗೆಯನ್ನು ಮೀರಬಾರದು. ದರ ಎಷ್ಟಾದರೂ ಇರಲಿ, ಅಳತೆಯ ಸೇರು ಎರಡಕ್ಕೂ ಒಂದೇ ಇರಬೇಕು. ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ ಈಗಿನ 110ನೇ ವಿಧಿ ಇದಕ್ಕೆ ಆಧಾರ.

ಇಲ್ಲಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನಮ್ಮ ಸಂವಿಧಾನದ 304(ಎ) ವಿಧಿಯೂ ಬೇರೆ ರಾಜ್ಯದ ಸರಕಿಗೆ ತಾರತಮ್ಯದ ತೆರಿಗೆ ಬೇಡ ಎನ್ನುತ್ತದೆ. 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ, ತೆರಿಗೆ ಎಂಬುದೇ ಮುಕ್ತ ವ್ಯಾಪಾರಕ್ಕೆ ಅಡ್ಡಿಯಲ್ಲ, ತಾರತಮ್ಯದ ತೆರಿಗೆ ಮಾತ್ರ ಅಡ್ಡಿ ಎಂದಿತು. ಕರ್ನಾಟಕ ಒಳಗಿನ ಕಾರಿಗೂ ಹೊರಗಿನ ಕಾರಿಗೂ ಕಾಗದದ ಮೇಲೆ ಒಂದೇ ದರ ಇಟ್ಟಿರುವುದರಿಂದ, ವಾಹನ ತೆರಿಗೆ ರಸ್ತೆ ಬಳಕೆಗೆ ಸಂಬಂಧಿಸಿದ್ದೂ ಆಗಿರುವುದರಿಂದ, ನ್ಯಾಯಾಲಯದಲ್ಲಿ ಈ ವಾದ ಸುಲಭವಾಗಿ ಗೆಲ್ಲುತ್ತದೆ ಎನ್ನಲಾಗದು. ಹಿಂದೆ ವಾಹನ ಮಾಲೀಕರು ಗೆದ್ದಿರುವುದು ಬೇರೆ ಅಂಶದ ಮೇಲೆ. ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಇಲ್ಲಿದ್ದರೆ ಆಜೀವ ತೆರಿಗೆ ಕಟ್ಟಬೇಕೆಂದು 2014ರಲ್ಲಿ ರಾಜ್ಯ ತಂದ ತಿದ್ದುಪಡಿಯನ್ನು ಹೈಕೋರ್ಟ್ ರದ್ದುಪಡಿಸಿತು. ಹೊಸ ನೋಂದಣಿಗೆ 12 ತಿಂಗಳ ಗಡುವು ಕೊಟ್ಟಿರುವ ಕೇಂದ್ರ ಕಾಯ್ದೆಯ 47ನೇ ಸೆಕ್ಷನ್ ಉಳಿಯಿತು. ಅದು ಗಡುವಿನ ಮಾತಾಯಿತು. ತೆರಿಗೆಯ ಆಧಾರವನ್ನು ತಿದ್ದುವುದು ಶಾಸನಸಭೆಯ ಕೆಲಸ, ಅದಕ್ಕೆ ಕೋರ್ಟಿನ ಆದೇಶಕ್ಕೆ ಕಾಯಬೇಕಾಗಿಲ್ಲ.

ತಿದ್ದದೇ ಹೋದರೆ ಏನಾಗುತ್ತದೆ? ಆಗುತ್ತಿರುವುದೇ ಆಗುತ್ತದೆ. ಕಾನೂನಿನ ದಾರಿ ಹೀಗಿದೆ: ಮಾರುವವರು 28ನೇ ನಮೂನೆಯಲ್ಲಿ ಸೊಲ್ಲಾಪುರದ ಆರ್‌ಟಿಒದಿಂದ ಎನ್‌ಒಸಿ ತೆಗೆಯಬೇಕು. ಸಾಲವಿದ್ದರೆ ಬ್ಯಾಂಕಿನಿಂದ 35ನೇ ನಮೂನೆ ಬರಬೇಕು. ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಸೀಸವನ್ನು ಅಡ್ಡಡ್ಡ ಉಜ್ಜಿ, ಒಂದೊಂದೇ ಅಂಕಿ ಬೆಳ್ಳಗೆ ಮೂಡಿಸಿ, ಆ ಅಚ್ಚನ್ನು ನಮೂನೆಗೆ ಅಂಟಿಸಬೇಕು. ಕದ್ದ ಗಾಡಿಯಲ್ಲ ಎಂದು ಖಾತ್ರಿಯಾಗಬೇಕು. ಕೊಂಡವರು 30 ದಿನದೊಳಗೆ ತಮ್ಮ ಕಚೇರಿಗೆ ತಿಳಿಸಿ, ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. ಈ ಓಡಾಟವನ್ನು ಜನ ಸಹಿಸುತ್ತಾರೆ. ಸಹಿಸಲಾಗದ್ದು ಕೊನೆಯಲ್ಲಿ ಬರುವ ಆ 55 ಸಾವಿರ. ಹಾಗಾಗಿ ಮಾರಿದವರ ಸಹಿಯಿರುವ ಖಾಲಿ 29, 30ನೇ ವರ್ಗಾವಣೆ ನಮೂನೆಗಳು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಉಳಿಯುತ್ತವೆ, ಗಾಡಿ ಎರಡನೆಯ ಕೈಯಿಂದ ಮೂರನೆಯ ಕೈಗೆ ಅದೇ ಕಾಗದದ ಮೇಲೆ ಹೋಗುತ್ತದೆ.

ಇದರ ಭಾರ ಬೀಳುವುದು ಅಪಘಾತವಾದ ದಿನ. ಮಾರಾಟವಾಗಿದ್ದರೂ ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗದಿದ್ದರೆ, ಅಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. ಹಲವು ಕೈ ದಾಟಿದ ವಾಹನದ ಹಿಂದೆ ಸಂತ್ರಸ್ತರು ಮಾಲೀಕರನ್ನು ಹುಡುಕುತ್ತ ಅಲೆಯುವಂತಾಗಬಾರದು ಎಂಬ ಆ ತೀರ್ಪಿನ ಕಾಳಜಿ ಸರಿಯಾದದ್ದೇ. ಆದರೆ ಅಕ್ಕಲಕೋಟೆಯಲ್ಲಿ ಎಂದೋ ಗಾಡಿ ಮಾರಿದವರ ಮನೆಗೆ, ಅಫಜಲಪುರದ ರಸ್ತೆಯಲ್ಲಿ ಯಾರೋ ಮಾಡಿದ ಅಪಘಾತಕ್ಕೆ ನೋಟಿಸ್ ಬರುವ ಸ್ಥಿತಿಯನ್ನು ನೆನೆಯಿರಿ. ಕೊಂಡವರಿಗೂ ನೆಮ್ಮದಿಯಿಲ್ಲ, ವಿಮೆ ತಮ್ಮ ಹೆಸರಿಗೆ ಆಗದಿದ್ದರೆ ಸ್ವಂತ ಗಾಡಿಯ ನಷ್ಟಕ್ಕೆ ಪರಿಹಾರ ಕೇಳುವುದೇ ಕಷ್ಟ. ಸರ್ಕಾರಕ್ಕೂ 55 ಸಾವಿರ ಸಿಗಲಿಲ್ಲ. ನ್ಯಾಯವಾದ 31 ಸಾವಿರ ಕೇಳಿದ್ದರೆ ಬಹುಶಃ ಸಿಗುತ್ತಿತ್ತು.

ಮಹಾರಾಷ್ಟ್ರದಿಂದ ಹಣ ವಾಪಸ್ ಬರುತ್ತದಲ್ಲ, ಎರಡು ಸಲ ತೆರಿಗೆ ಹೇಗಾಯಿತು ಎಂದು ಸಾರಿಗೆ ಇಲಾಖೆ ಕೇಳಬಹುದು. ಮರುಪಾವತಿಯ ನಿಯಮ ಇದೆ ನಿಜ. ಆದರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ, ಹೊಸ ನೋಂದಣಿಯ ದಾಖಲೆ ಹಿಡಿದು, ಮತ್ತೊಂದು ರಾಜ್ಯದ ಕಚೇರಿಗೆ ಅರ್ಜಿ ಹಾಕಿ ಕಾಯಬೇಕು. ಆ ತೆರಿಗೆ ಕಟ್ಟಿದ್ದು ಮೊದಲ ಮಾಲೀಕರು, ಅದು ಬೇಕಾಗಿರುವುದು ಈಗ ಕೊಂಡವರಿಗೆ. ಎರಡು ಕಚೇರಿಗಳ ನಡುವೆ ಹಣ ಸಾಗಿಸುವ ಕೆಲಸವನ್ನು ಕೊಂಡವರ ಹೆಗಲಿಗೆ ಏಕೆ ಹೊರಿಸಬೇಕು? ಅಂತರರಾಜ್ಯ ಜಿಎಸ್‌ಟಿಯಲ್ಲಿ ರಾಜ್ಯಗಳ ಪಾಲನ್ನು ಸರ್ಕಾರಗಳೇ ತಮ್ಮತಮ್ಮಲ್ಲಿ ಹೊಂದಿಸಿಕೊಳ್ಳುತ್ತವೆ, ವ್ಯಾಪಾರಿ ಮುಂಬೈಗೂ ಬೆಂಗಳೂರಿಗೂ ಅಲೆಯುವುದಿಲ್ಲ. ಸೊಲ್ಲಾಪುರದಲ್ಲಿ ಕಟ್ಟಿದ ತೆರಿಗೆಯ ವಿವರ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಇದೆ, ಇಲ್ಲೂ ಹಾಗೆಯೇ ಹೊಂದಿಸಿಕೊಳ್ಳಬಹುದು. ಸಂವಿಧಾನದ ಏಳನೇ ಅನುಸೂಚಿ ವಾಹನ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿದ್ದರೂ, ಸಮವರ್ತಿ ಪಟ್ಟಿಯ 35ನೇ ನಮೂದು ಆ ತೆರಿಗೆಯ ತತ್ವಗಳನ್ನು ನಿರೂಪಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಕೇಂದ್ರ ಮನಸ್ಸು ಮಾಡಿದಾಗ ಏನಾಗುತ್ತದೆ ಎಂಬುದಕ್ಕೆ 2021ರ ಸೆಪ್ಟೆಂಬರಿನಲ್ಲಿ ಬಂದ ಬಿಎಚ್ ಸರಣಿಯೇ ಸಾಕ್ಷಿ. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುತ್ತ ಯಾವ ರಾಜ್ಯದಲ್ಲಾದರೂ ಓಡಿಸಬಹುದು. ಆದರೆ ಅದು ಸೈನಿಕರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳ ನೌಕರರಿಗೆ ಮಾತ್ರ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿ ಬಂದ ಹಣದಲ್ಲಿ ಹಳೇ ಕಾರು ಕೊಳ್ಳುವವರಿಗೆ ಆ ಅನುಕೂಲವಿಲ್ಲ, ಗಡಿಗೆ ಅಂಟಿಕೊಂಡೇ ಬದುಕುವವರು ಅವರಾದರೂ.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಹೊರಗಿನ ಗಾಡಿಗೆ ಸಡಿಲ ಬಿಟ್ಟರೆ ಶ್ರೀಮಂತರು ಕಡಿಮೆ ತೆರಿಗೆಯ ರಾಜ್ಯದಲ್ಲಿ ಐಷಾರಾಮಿ ಕಾರು ನೋಂದಾಯಿಸಿ ಬೆಂಗಳೂರಿನಲ್ಲಿ ಓಡಿಸುತ್ತಾರೆ ಎಂಬುದು. ಪುದುಚೇರಿ ನಂಬರಿನ ಕಾರುಗಳ ಅನುಭವ ರಾಜ್ಯಕ್ಕೆ ಚೆನ್ನಾಗಿಯೇ ಇದೆ, ಆ ಕಳ್ಳದಾರಿ ಮುಚ್ಚಲೇಬೇಕು. ಆದರೆ ಈಗಿನ ಬೆಲೆಯ ಮೇಲೆ ತೆರಿಗೆ ಹಾಕುವುದರಿಂದ ಅವರಿಗೆ ಲಾಭವೇನೂ ಇಲ್ಲ. ಒಂದು ವರ್ಷದ ಹಿಂದೆ ಕೊಂಡ 80 ಲಕ್ಷದ ಕಾರಿನ ಈಗಿನ ಬೆಲೆಯೂ ಎತ್ತರದಲ್ಲೇ ಇರುತ್ತದೆ, ತೆರಿಗೆಯೂ ಹಾಗೆಯೇ. ಹೊಸ ಸೂತ್ರದಿಂದ ನಿಜವಾಗಿ ಇಳಿಯುವುದು ಏಳೆಂಟು ವರ್ಷ ಮೀರಿದ ಸಣ್ಣ ಕಾರುಗಳ ತೆರಿಗೆ. ಮಾದರಿ ಮತ್ತು ವಯಸ್ಸಿಗೆ ತಕ್ಕ ಮೌಲ್ಯವನ್ನು ವಿಮಾ ಕಂಪನಿಗಳು ಪ್ರತಿ ವರ್ಷ ಪಾಲಿಸಿಯಲ್ಲಿ ಬರೆಯುತ್ತವೆ. ಇಲಾಖೆಯೂ ಅಂಥದೊಂದು ಪಟ್ಟಿ ಇಟ್ಟುಕೊಂಡರೆ, ಮಾರಾಟದ ಕಾಗದದಲ್ಲಿ ದರ ಕಡಿಮೆ ಬರೆಸುವ ಆಟಕ್ಕೂ ಅವಕಾಶವಿರದು.

ಹಳೇ ಹೊಗೆಗಾಡಿಗಳು ಬಂದು ಬೀಳುತ್ತವೆ ಎಂಬ ಆತಂಕಕ್ಕೂ ಯುರೋಪಿನಲ್ಲೇ ಉತ್ತರವಿದೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ದಕ್ಷಿಣದ ಪೇಟೆಗಳತ್ತ ಹರಿದಿರುವುದರಿಂದ ಈ ಆತಂಕ ಹುಸಿಯಲ್ಲ. ರೊಮೇನಿಯಾ ಇದೇ ಕಾರಣ ಮುಂದಿಟ್ಟು ಮಾಲಿನ್ಯ ತೆರಿಗೆ ತಂದಿತ್ತು. 2008ರಲ್ಲಿ ಜರ್ಮನಿಯಿಂದ 1997ರ ಕಾರೊಂದನ್ನು ತಂದ ಅಲ್ಲಿನ ಪ್ರಜೆಯೊಬ್ಬರು ಆ ತೆರಿಗೆಯನ್ನು ಪ್ರಶ್ನಿಸಿದರು. ಒಕ್ಕೂಟದ ನ್ಯಾಯಾಲಯ 2011ರ ಏಪ್ರಿಲ್ 7ರಂದು ಕೊಟ್ಟ ತೀರ್ಪಿನ ತಿರುಳು ಇದು: ಅಷ್ಟೇ ಹಳೆಯ, ಅಷ್ಟೇ ಹೊಗೆ ಉಗುಳುವ ಕಾರು ದೇಶದೊಳಗೆ ತೆರಿಗೆಯಿಲ್ಲದೆ ಓಡುತ್ತಿರುವಾಗ ಹೊರಗಿನಿಂದ ಬಂದದ್ದಕ್ಕೆ ಮಾತ್ರ ಮಾಲಿನ್ಯದ ಹೊರೆ ಹೊರಿಸುವಂತಿಲ್ಲ, ಗಾಳಿ ಶುದ್ಧವಾಗಬೇಕಿದ್ದರೆ ಓಡುತ್ತಿರುವ ಎಲ್ಲ ಗಾಡಿಗಳಿಗೂ ವರ್ಷವರ್ಷ ತೆರಿಗೆ ಹಾಕಬಹುದು. ಹೆಸರು ಬದಲಿಸಿ ಬದಲಿಸಿ ಮುಂದುವರಿಸಿದ ಆ ತೆರಿಗೆಯನ್ನು ರೊಮೇನಿಯಾ ಕೊನೆಗೆ 2017ರಲ್ಲಿ ಕೈಬಿಟ್ಟಿತು.

ನಿಜಾಮರ ಕಾಲದಲ್ಲಿ ಆಳಂದ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ ಹೊರಗಿನ ಸರಕಿನ ಮೇಲೆ ಸುಂಕ ವಸೂಲಿಗೆ ‘ಕರೋಡಗಿರಿ’ ಎಂಬ ಇಲಾಖೆಯೇ ಇತ್ತು. ಆ ಸಂಸ್ಥಾನ ಹೋಯಿತು, ಇಲಾಖೆಯೂ ಹೋಯಿತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳೂ ಮುಚ್ಚಿದವು. ತೊಗರಿ, ಬೆಲ್ಲ, ಸಿಮೆಂಟ್ ಈಗ ಯಾವ ಅಡೆತಡೆಯಿಲ್ಲದೆ ಅತ್ತಿತ್ತ ಹೋಗುತ್ತವೆ. ಅವನ್ನು ಹೊತ್ತೊಯ್ಯುವ ಗಾಡಿಗೆ ಮಾತ್ರ ಮಾಲೀಕರು ಬದಲಾದ ಕೂಡಲೇ ಗಡಿ ಮತ್ತೆ ಅಡ್ಡ ಬರುತ್ತದೆ. ಇದಕ್ಕೆ ಬೇಕಿರುವ ತಿದ್ದುಪಡಿಯೇನೂ ದೊಡ್ಡದಲ್ಲ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯ ಅನುಸೂಚಿಯಲ್ಲಿ, ಹೊರರಾಜ್ಯದ ಹಳೇ ವಾಹನಕ್ಕೆ ಮೂಲ ಬೆಲೆಯ ಜಾಗದಲ್ಲಿ ಈಗಿನ ಬೆಲೆ ಎಂದು ಬರೆಯಬೇಕು. ಆಳಂದ, ಅಫಜಲಪುರ, ಜೇವರ್ಗಿಯ ಶಾಸಕರು ಪಕ್ಷ ನೋಡದೆ ಮುಂದಿನ ಬಜೆಟ್ ಅಧಿವೇಶನದಲ್ಲಿ ಈ ಒಂದು ಸಾಲಿಗೆ ಒಟ್ಟಾಗಿ ಪಟ್ಟು ಹಿಡಿಯಬೇಕು.