ಕೂಲಿಗೆ ಸಿಗದ ನೆಟ್‌ವರ್ಕ್ ಕೇಸಿಗೆ ಸಿಗತೈತಿ

ಸಾರವಾಡದ ಮಗ್ಗುಲಲ್ಲಿ ಡೋಣಿ ಹರಿಯುತ್ತದೆ. ಡೋಣಿ ಬೆಳೆದರೆ ಓಣೆಲ್ಲಾ ಜ್ವಾಳ ಎಂದು ನಮ್ಮ ಸೀಮೆಯ ಹಿರಿಯರು ಹೇಳುತ್ತಾರೆ. ಆ ಜ್ವಾಳ ಯಾರ ಹಗೇವಿಗೆ ಹೋಯಿತು, ನಮ್ಮ ಕೇರಿಯ ಓಣಿಗೆ ಎಷ್ಟು ಬಂತು ಎಂಬುದನ್ನು ಗಾದೆ ಹೇಳುವುದಿಲ್ಲ. ಇವತ್ತು ಆ ಹೊಳೆಯ ಒಡಲಲ್ಲಿ ಹೂಳು. ಮಳೆ ಜೋರಾದರೆ ನೀರು ಹೊಲಕ್ಕೆ ನುಗ್ಗುತ್ತದೆ. ಬಾಯಿಗೆ ಹಾಕಿದರೆ ಉಪ್ಪು. ಹೂಳು ತೆಗೀರಪ್ಪೋ ಎಂದು ಜನ ಕೂಗಲು ಹತ್ತಿ ದಶಕಗಳಾದವು. ಆ ಕೂಗು ಚುನಾವಣೆಯಿಂದ ಚುನಾವಣೆಗೆ ಹರಿದು ಬಂದಿದೆ, ಅಷ್ಟೇ.

ಈಗ ಬೆಳಗಾವಿಗೆ ಬರೋಣ. ಉತ್ತರ ಕರ್ನಾಟಕದ ಗೋಳು ಕೇಳಲೆಂದೇ ಅಲ್ಲೊಂದು ಸುವರ್ಣ ವಿಧಾನಸೌಧ ಕಟ್ಟಿದ್ದಾರೆ. 2025ರ ಡಿಸೆಂಬರ್ 10ರಂದು ಅಲ್ಲಿ ದ್ವೇಷ ಭಾಷಣ ತಡೆ ಮಸೂದೆ ಮಂಡನೆಯಾಯಿತು. 18ರಂದು ಗದ್ದಲದ ನಡುವೆ ವಿಧಾನಸಭೆ ದಾಟಿತು. 19ರಂದು ಪರಿಷತ್ತು ದಾಟಿತು. ಏಳು ವರ್ಷದವರೆಗೆ ಜೈಲು. ಮೊಬೈಲಿನಲ್ಲಿ ಹಾಕಿದ ಮಾತನ್ನು ತೆಗೆಸುವ ಅಧಿಕಾರ ಸರ್ಕಾರ ನೇಮಿಸಿದ ಅಧಿಕಾರಿಗೆ. ಹೊಳೆಯ ಹೂಳಿಗೆ ದಶಕಗಳು ಸಾಲಲಿಲ್ಲ. ಜನರ ಬಾಯಿಗೆ ಹತ್ತು ದಿನ ಸಾಕಾಯಿತು!

ದ್ವೇಷದ ಮಾತಿನ ಪರವಾಗಿ ನಾವು ನಿಂತಿಲ್ಲ. ಆ ಮಾತಿನ ಬೆಂಕಿ ಮೊದಲು ಬೀಳುವುದೇ ನಮ್ಮ ಗುಡಿಸಲ ಮೇಲೆ. ಬಾಬಾಸಾಹೇಬರ ಚಿತ್ರವನ್ನು ಹೀನವಾಗಿ ತಿದ್ದಿ ಮೊಬೈಲಿನಲ್ಲಿ ಹರಿಬಿಟ್ಟರೆ ಎದೆ ಉರಿಯುವುದು ನಮಗೆ. ಆದರೆ ಅದಕ್ಕೆ ಕಾನೂನು ಇಲ್ಲವೇ? 1989ರ ದೌರ್ಜನ್ಯ ತಡೆ ಕಾಯ್ದೆಯ ಮೂರನೆಯ ಕಲಮನ್ನು ತೆಗೆದು ಓದಿರಿ. ಪರಿಶಿಷ್ಟರ ವಿರುದ್ಧ ಮಾತಿನಿಂದ, ಬರಹದಿಂದ ದ್ವೇಷ ಹಬ್ಬಿಸುವುದು ಅಪರಾಧ. ಪರಿಶಿಷ್ಟರು ಗೌರವಿಸುವ, ತೀರಿಹೋದ ಹಿರಿಯರನ್ನು ಹೀಗಳೆಯುವುದೂ ಅಪರಾಧ. ಇರುವ ಕಾಯ್ದೆಯನ್ನು ಠಾಣೆಯ ಟೇಬಲ್ಲಿನ ಮೇಲೆ ಇಟ್ಟು 'ರಾಜಿ ಮಾಡ್ಕೊಳ್ರೋ' ಅನ್ನುವವರ ಕೈಗೇ ಹೊಸ ಕಾಯ್ದೆ ಕೊಟ್ಟರೆ ಅವರು ಅದನ್ನು ಯಾರ ಮೇಲೆ ಬೀಸುತ್ತಾರೆ? ಗುಡಿಯ ಹೊಸ್ತಿಲು ತುಳಿದಾಗ, ಹೋಟೆಲಿನಲ್ಲಿ ಸಮ ಲೋಟ ಕೇಳಿದಾಗ 'ಊರಿನ ಸೌಹಾರ್ದ ಕೆಡಿಸಿದರು' ಎಂಬ ಮಾತು ಯಾರ ಮೇಲೆ ಬಿದ್ದಿದೆ? ನಮ್ಮ ಮೇಲೆಯೇ. ಸೌಹಾರ್ದ ಕೆಡಿಸುವುದು ಎಂಬ ಶಬ್ದ ಕಾನೂನಿನೊಳಗೆ ಬಂದು ಕೂತರೆ ಅದು ಮೇಲಿನ ಓಣಿಗೆ ಹೋಗುವುದಿಲ್ಲ. ಕೇರಿಯ ದಾರಿ ಅದಕ್ಕೆ ಮೊದಲೇ ಗೊತ್ತು.

ಇದಕ್ಕೂ ಆರು ತಿಂಗಳು ಹಿಂದೆ, 2025ರ ಜೂನ್‌ನಲ್ಲಿ, ಸುಳ್ಳು ಸುದ್ದಿ ತಡೆಗಟ್ಟುವ ಮಸೂದೆಯ ಕರಡು ಹೊರಬಂದಿತ್ತು. ಏಳು ವರ್ಷ ಜೈಲು, ಹತ್ತು ಲಕ್ಷ ದಂಡ. ಯಾವುದು ಸುಳ್ಳು, ಯಾವುದು ನಿಜ ಎಂದು ನೋಡಲು ಮಂತ್ರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ. ಸನಾತನ ಸಂಕೇತಗಳಿಗೆ, ನಂಬಿಕೆಗಳಿಗೆ ಅಗೌರವ ತೋರುವ ಬರಹಕ್ಕೆ ಪೂರ್ಣ ನಿಷೇಧ. ಇತಿಹಾಸ, ಧರ್ಮ, ಸಾಹಿತ್ಯದ ಬಗ್ಗೆ ಬರೆದರೆ ಅದಕ್ಕೆ ಅಧಿಕೃತ ಸಂಶೋಧನೆಯ ಆಧಾರ ಇರಬೇಕು! ವಿರೋಧ ಎದ್ದ ಮೇಲೆ ಇದು ಅಂತಿಮವಲ್ಲ ಎಂದರು. ಅಂತಿಮವೋ ಅಲ್ಲವೋ, ಅವರ ಮನಸ್ಸಿನೊಳಗೆ ಏನಿದೆ ಎಂಬುದು ಕಾಗದದ ಮೇಲೆ ಬಂತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿಯನ್ನು ಸುಟ್ಟದ್ದು ಅಗೌರವವೋ, ಅಧಿಕೃತ ಸಂಶೋಧನೆಯೋ? 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಮಂತ್ರಿ ಪದವಿ ಹೋಯಿತು, ನಮ್ಮ ಹುಡುಗರು ಬೀದಿಯಲ್ಲಿ ಏಟು ತಿಂದರು. ಆ ಮಾತಿನಿಂದಲೇ ಚಳವಳಿಯೊಂದು ಮೈಕೊಡವಿ ಎದ್ದಿತು. ಇಂಥ ಕಾಯ್ದೆ ಅಂದು ಇದ್ದಿದ್ದರೆ ಅವರು ರಾಜೀನಾಮೆ ಕೊಟ್ಟು ಮನೆಗೆ ಹೋಗುತ್ತಿದ್ದರೋ, ಜೈಲಿಗೆ ಹೋಗುತ್ತಿದ್ದರೋ?

ದಿಲ್ಲಿಯವರು ಇವರಿಗಿಂತ ಮುಂದೆ. ಆನ್‌ಲೈನಿನಲ್ಲಿ ಬರೆದದ್ದಕ್ಕೆ ಜೈಲಿಗಟ್ಟುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಕಿತ್ತುಹಾಕಿತು. ಬಾಗಿಲು ಮುಚ್ಚಿದರೆ ಕಿಟಕಿ ಹುಡುಕುವುದು ಆಳುವವರ ಗುಣ. ಈಗ 'ಸಹಯೋಗ್' ಎಂಬ ಪೋರ್ಟಲ್ ಮಾಡಿಕೊಂಡಿದ್ದಾರೆ. ಅಧಿಕಾರಿ ಅದರ ಮೂಲಕ ನೋಟಿಸು ಕಳಿಸಿದರೆ ಬರಹವನ್ನು ಕಂಪನಿ ಇಳಿಸಬೇಕು. ಇದನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ನಮ್ಮ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಶ್ರೀಮಂತನ ಕಂಪನಿಗಾಗಿ ನಾವು ಕಣ್ಣೀರು ಹಾಕುವುದಿಲ್ಲ. ಆದರೆ ಆ ಕಂಪನಿಗೆ ವಕೀಲರ ಪಡೆ ಇದೆ. ಬಬಲೇಶ್ವರದ ಕಾಲೇಜು ಹುಡುಗನ ಮಾತು ಮಾಯವಾದರೆ ಅವನ ಪರವಾಗಿ ಯಾರು ನಿಲ್ಲುತ್ತಾರೆ?

'ಹೊಟ್ಟಿಗೆ ಇಲ್ಲದವರಿಗೆ ಇಂಟರ್‌ನೆಟ್ ಚಿಂತಿ ಯಾಕ್ರಿ?' ಎಂದು ಕೆಲವು ಗೆಳೆಯರು ಕೇಳುತ್ತಾರೆ. ಅವರಿಗೆ ನಮ್ಮ ಜಿಲ್ಲೆಯದೇ ಒಂದು ಸಂಗತಿ ನೆನಪಿಸುತ್ತೇವೆ.

2025ರ ಜನವರಿ. ವಿಜಯಪುರದ ಒಂದು ಇಟ್ಟಂಗಿ ಭಟ್ಟಿ. ಸಂಕ್ರಾಂತಿಗೆಂದು ಊರಿಗೆ ಹೋದ ಮೂವರು ಕೂಲಿಕಾರರು ತಿರುಗಿ ಬರಲು ತಡವಾಯಿತು. ಮುಂಗಡ ತಗೊಂಡಿದ್ದೇ ತಪ್ಪಾಯಿತು. ಅವರನ್ನು ಕೂಡಿಹಾಕಿ ಪೈಪಿನಿಂದ ಹೊಡೆದರು. ಜೀತವನ್ನು ರದ್ದು ಮಾಡಿದ ಕಾಯ್ದೆ 1976ರದು. ಅರ್ಧ ಶತಮಾನದ ಆ ಕಾಯ್ದೆ ಭಟ್ಟಿಯ ಬಾಗಿಲಿಗೆ ಬರಲಿಲ್ಲ. ಹೊಡೆತದ ವಿಡಿಯೊ ಹೊರಬಿತ್ತು, ರಾಜ್ಯವೆಲ್ಲ ನೋಡಿತು. ಮಾಲೀಕನನ್ನು ಪೊಲೀಸರು ಆಮೇಲೆ ಹಿಡಿದರು. ಇದನ್ನು 'ಸಮಾಜದ ನೆಮ್ಮದಿ ಕೆಡಿಸುವ ವಿಡಿಯೊ' ಎಂದು ಒಬ್ಬ ಅಧಿಕಾರಿ ಒಂದೇ ತಾಸಿನಲ್ಲಿ ಇಳಿಸಿದ್ದರೆ? ಆ ಮೂವರ ಬೆನ್ನಿನ ಬರೆ ಆ ಮೂವರಿಗಷ್ಟೇ ಗೊತ್ತಿರುತ್ತಿತ್ತು.

ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ಯಾಕೆ ತೆಗೆದರು? ನಮ್ಮ ಮಾತಿಗೆ ಬೇರೆಯವರ ಪತ್ರಿಕೆಯಲ್ಲಿ ಜಾಗ ಇರಲಿಲ್ಲ. ಹಣ ಕೊಡುತ್ತೇವೆಂದರೂ ಅದರ ಜಾಹೀರಾತನ್ನು 'ಕೇಸರಿ' ಹಾಕಲಿಲ್ಲ. ಇವತ್ತಿಗೂ ದೊಡ್ಡ ಪತ್ರಿಕೆಗಳ ಬಾಗಿಲು ನಮಗೆ ಅರ್ಧ ತೆರೆದಿದೆ. ಕೂಲಿಕಾರನ ಅಂಗಿಯ ಜೇಬಿನ ಆ ಒಡಕು ಗಾಜಿನ ಫೋನೇ ಇವತ್ತಿನ ಮೂಕನಾಯಕ. ಅದಕ್ಕೇ ಕೈ ಹಾಕುತ್ತಿದ್ದಾರೆ.

ನಮ್ಮ ಬಾಯಿಗೆ ಬೀಗ, ತಮ್ಮ ಕಡತಕ್ಕೂ ಬೀಗ. 2023ರ ದತ್ತಾಂಶ ರಕ್ಷಣೆ ಕಾಯ್ದೆಯ ಹೆಸರಿನಲ್ಲಿ 2005ರ ಮಾಹಿತಿ ಹಕ್ಕನ್ನೇ ಕತ್ತರಿಸಿದರು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. ಈಗ 'ವೈಯಕ್ತಿಕ ಮಾಹಿತಿ' ಎಂದು ಒಂದು ಸಾಲು ಬರೆದರೆ ಸಾಕು, ಅರ್ಜಿ ವಾಪಸು. ಮನೆ ಮಂಜೂರಾದವರ ಪಟ್ಟಿ? ವೈಯಕ್ತಿಕ. ಗುತ್ತಿಗೆದಾರನ ಬಿಲ್ಲು? ವೈಯಕ್ತಿಕ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆಂಬ ಕಲಮು ಉಳಿದಿದೆ ಎಂದು ವಕೀಲರು ಹೇಳುತ್ತಾರೆ. ಅದನ್ನು ಹಿಡಿದು ಮೇಲ್ಮನವಿಗೆ ಅಲೆಯಲು ದಿನಗೂಲಿಯವನಿಗೆ ಬಸ್ ಚಾರ್ಜು ಎಲ್ಲಿದೆ?

ಇಂಟರ್‌ನೆಟ್ ಬಡವರಿಗೆ ಕಡ್ಡಾಯವಾದದ್ದು ಎಲ್ಲಿ ಗೊತ್ತೇ? ಹಾಜರಿಯಲ್ಲಿ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸಕ್ಕೆ ದಿನಕ್ಕೆರಡು ಸಲ ಮೊಬೈಲ್ ಫೋಟೊ. ನಮ್ಮ ಕಡೆಯ ಒಂದು ಕೆರೆ ಕೆಲಸದಲ್ಲಿ ಮುದುಕಿಯೊಬ್ಬಳು ಕೇಳಿದಳು:

'ನಾ ದುಡದೀನಿ, ಮಾರಿ ತೋರ್ಸೀನಿ. ಫೋಟೊ ಏರ್ಲಿಲ್ಲಂದ್ರ ನಾ ದುಡದೇ ಇಲ್ಲೇನಪ್ಪಾ?'

'ನೆಟ್‌ವರ್ಕ್ ಇಲ್ಲ ಬೇ ಯವ್ವಾ, ನಾ ಏನ್ ಮಾಡ್ಲಿ?'

2025ರ ಡಿಸೆಂಬರ್‌ನಲ್ಲಿ ಆ ಉದ್ಯೋಗ ಖಾತ್ರಿ ಕಾಯ್ದೆಯನ್ನೇ ತೆಗೆದುಹಾಕುವ ಹೊಸ ಕಾನೂನನ್ನು ಪಾರ್ಲಿಮೆಂಟು ಪಾಸು ಮಾಡಿತು. ಮುದುಕಿಯ ಪ್ರಶ್ನೆ ಅಲ್ಲೇ ಉಳಿಯಿತು. ಕೂಲಿಗೆ ಸಿಗದ ನೆಟ್‌ವರ್ಕ್ ಕೇಸಿಗೆ ಮಾತ್ರ ತಪ್ಪದೇ ಸಿಗತೈತಿ!

ಕಾನೂನು ಮಾಡುವ ಉಮೇದು ಇದ್ದರೆ ಮೊದಲು ಮಾಡಿದ್ದನ್ನು ನಡೆಸಿರಿ. ಪರಿಶಿಷ್ಟರ ಹಣ ಪರಿಶಿಷ್ಟರಿಗೇ ಎಂದು 2013ರಲ್ಲಿ ನೀವೇ ಕಾಯ್ದೆ ಮಾಡಿದಿರಿ. 2023-24ರಲ್ಲಿ ಆ ಹಣದಿಂದ 11 ಸಾವಿರ ಕೋಟಿ, 2024-25ರಲ್ಲಿ 14 ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. 'ನಿಮ್ಮವರಿಗೇ ಕೊಟ್ಟೆವಲ್ಲ' ಎನ್ನುತ್ತೀರಿ. ಎಲ್ಲರಿಗೂ ಕೊಡುವ ಅಕ್ಕಿಯನ್ನು ನಮಗೆ ಕೊಡಲು ನಮ್ಮ ಮಕ್ಕಳ ಹಾಸ್ಟೆಲಿನ ಹಣವೇ ಬೇಕಿತ್ತೇ? ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ಕೋರ್ಟಿನ ತೀರ್ಪು ಬಂದದ್ದು 2024ರಲ್ಲಿ. ಬೆಂಕಿ ಇಟ್ಟದ್ದಕ್ಕೆ ಹತ್ತು ವರ್ಷ ಕಾಯಬೇಕು. ಬೆಂಕಿ ಬಿತ್ತು ಎಂದು ಬರೆದವನ ಮನೆಗೆ ಮಾತ್ರ ಪೊಲೀಸರು ಮರುದಿನವೇ ಬರಬೇಕೇ?

ಸುಳ್ಳಿಗೆ ಮದ್ದು ಜೈಲಲ್ಲ, ನಿಜ. ಕಡತ ಬಿಚ್ಚಿರಿ, ಹಾಜರಿ ಪುಸ್ತಕ ತೋರಿಸಿರಿ, ಲೆಕ್ಕ ಗೋಡೆಯ ಮೇಲೆ ಬರೆಯಿರಿ. ಅರ್ಧ ಸುಳ್ಳು ಆ ಹೊತ್ತಿಗೇ ಸಾಯುತ್ತದೆ.

ಹಳ್ಳಿಯ ಮಾಸ್ತರರೇ, ಸಂವಿಧಾನದ 19ನೇ ವಿಧಿಯನ್ನು ಪರೀಕ್ಷೆಗಾಗಿ ಅಲ್ಲ, ಬದುಕಿಗಾಗಿ ಮಕ್ಕಳಿಗೆ ಕಲಿಸಿರಿ. ವಿದ್ಯಾರ್ಥಿ ಗೆಳೆಯರೇ, ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನು ಬಿಡಬೇಡಿರಿ. ತಿರಸ್ಕರಿಸಿದ ಪ್ರತಿ ಕಾಗದವನ್ನೂ ಕಾದಿಡಿರಿ, ಅದೇ ನಾಳೆ ಸಾಕ್ಷಿ. ಕಾರ್ಯಕರ್ತ ಗೆಳೆಯರೇ, ಮುಂದಿನ ಸಲ ಮತ ಕೇಳಲು ಬಂದವರನ್ನು ಡೋಣಿಯ ದಂಡೆಗೆ ಕರೆದುಕೊಂಡು ಹೋಗಿರಿ. ಒಂದು ಬೊಗಸೆ ನೀರು ಕುಡಿಸಿರಿ. ಆಮೇಲೆ ಕೇಳಿರಿ: ಯಾವುದು ಮೊದಲು ಸಾಹೇಬ್ರ, ಈ ಹೂಳೋ, ನಮ್ಮ ಬಾಯೋ?

ಆ ಪ್ರಶ್ನೆಯನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿರಿ. ಕೇಸು ಹಾಕುವುದಾದರೆ ನಮ್ಮೆಲ್ಲರ ಮೇಲೂ ಹಾಕಲಿ.