ಯುದ್ಧದ ವರ್ಷಗಳೂ ಅಲ್ಪಕಾಲದ ಆಟಗಾರರೂ

1948ನೆಯ ಇಸವಿಯ ಜುಲೈ 31ರಂದು ಲಂಡನ್ನಿನ ಇಲ್ಫರ್ಡಿನಲ್ಲಿ, ಬಹುಮಂದಿ ಬರಿಗಾಲಿನಲ್ಲಿಯೇ ಆಡುತ್ತಿದ್ದ ಸ್ವತಂತ್ರ ಭಾರತದ ಕಾಲ್ಚೆಂಡು ತಂಡವು ಫ್ರಾನ್ಸಿನೆದುರು ಒಂದು ಗೋಲು ಹಿಂದೆ ಬಿದ್ದಿದ್ದಾಗ, ಎಪ್ಪತ್ತನೆಯ ನಿಮಿಷದಲ್ಲಿ ಆಟವನ್ನು ಸಮಗೊಳಿಸಿದವರು ಮೈಸೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತವು ಗಳಿಸಿದ ಪ್ರಥಮ ಗೋಲು ಅದು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ರಾಮನ್ನರ ಒಲಿಂಪಿಕ್ ಜೀವನವೂ ಅಲ್ಲಿಗೇ ಮುಗಿಯಿತು: ಒಂದು ಪಂದ್ಯ, ಒಂದು ಗೋಲು.

ಅವರ ತಲೆಮಾರನ್ನು ಅಂತರರಾಷ್ಟ್ರೀಯ ಪಂದ್ಯಗಳ ಸಂಖ್ಯೆಯಿಂದ ಅಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮಹಾಯುದ್ಧದ ನಿಮಿತ್ತವಾಗಿ 1940 ಮತ್ತು 1944ರ ಒಲಿಂಪಿಕ್ ಕೂಟಗಳು ನಡೆಯಲೇ ಇಲ್ಲ. ಡ್ಯುರಾಂಡ್ ಕಪ್ಪು 1940ರ ತರುವಾಯ 1950ರವರೆಗೆ ಸ್ಥಗಿತವಾಗಿತ್ತು. 1941ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯೂ ಒಡನೆಯೇ ಎರಡು ಋತುಗಳ ಕಾಲ ನಿಂತುಹೋಯಿತು. 1940ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದ ಆಟಗಾರನು ಇಲ್ಫರ್ಡನ್ನು ತಲುಪುವ ವೇಳೆಗೆ ಇಪ್ಪತ್ತೆಂಟನ್ನು ಮುಟ್ಟಿರುತ್ತಿದ್ದನು. ಮೊಣಕಾಲಿನ ಬಲವನ್ನೇ ನೆಚ್ಚಿದ ಈ ಆಟದಲ್ಲಿ ಕಳೆದುಹೋದ ಆ ಎಂಟು ವರ್ಷಗಳಿಗೆ ಪರಿಹಾರವೆಂಬುದಿಲ್ಲ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನರು 1926ರಲ್ಲಿ ಜನಿಸಿದವರು. ಯುದ್ಧವು ಮುಗಿದಾಗ ಅವರಿಗಿನ್ನೂ ಹರೆಯ. ಆದುದರಿಂದಲೇ 1951ರ ಏಷ್ಯನ್ ಕ್ರೀಡಾಕೂಟದ ಚಿನ್ನವೂ 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟವೂ ಅವರ ಪಾಲಿಗೆ ಬಂದುವು. ಪ್ರತಿಭೆಯಷ್ಟೇ ಹುಟ್ಟಿದ ವರ್ಷವೂ ಇಲ್ಲಿ ನಿರ್ಣಾಯಕವಾಯಿತು.

ಅಮೆರಿಕದ ಜ್ಯಾಕ್ ಲಮ್ಮಸ್ ಎಂಬ ತರುಣನದು ಇದಕ್ಕಿಂತಲೂ ಹ್ರಸ್ವವಾದ ಕಥೆ. ಆ ದೇಶದ ಕಾಲ್ಚೆಂಡಾಟವು ನಮ್ಮದಕ್ಕಿಂತ ಭಿನ್ನವಾದುದು, ಕೈಯಲ್ಲಿ ಚೆಂಡನ್ನು ಹಿಡಿದು ಓಡುವ ಆಟ. 1941ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಪರವಾಗಿ ಒಂದೇ ಒಂದು ಋತುವನ್ನು ಆಡಿದ ಆತನು, ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದ ಡಿಸೆಂಬರ್ 7ರಂದೂ ತನ್ನ ತಂಡದೊಡನೆ ಮೈದಾನದಲ್ಲಿದ್ದನು. ಮರುವರ್ಷದ ಆದಿಯಲ್ಲಿ ನೌಕಾಸೈನಿಕರ ದಳವನ್ನು ಸೇರಿ, 1945ರ ಮಾರ್ಚ್ 8ರಂದು ಇವೊ ಜಿಮಾ ದ್ವೀಪದಲ್ಲಿ ಮಡಿದನು. ಆ ರಾಷ್ಟ್ರವು ಅವನಿಗೆ ತನ್ನ ಅತ್ಯುಚ್ಚ ಶೌರ್ಯಪದಕವನ್ನು ಮರಣೋತ್ತರವಾಗಿ ಅರ್ಪಿಸಿತು. ಒಂದೇ ಋತುವಿನ ಆಟಗಾರನೆಂದು ಅಲ್ಲಿ ಯಾರೂ ಅವನನ್ನು ಕಡೆಗಣಿಸಲಿಲ್ಲ.

ಬೀದರ ಸೀಮೆಯ ಕೊಹಿನೂರಿನಂತಹ ಊರುಗಳಿಗೆ, ಅಲ್ಪಕಾಲ ಆಡಿದವರನ್ನು ಮರೆಯಬಾರದೆಂಬ ಈ ವಿಚಾರವು ಇನ್ನೂ ಸಮೀಪದ್ದು. ರಾಮನ್ ಗೋಲು ಹೊಡೆದ ದಿನ ಬಸವಕಲ್ಯಾಣ, ಹುಮನಾಬಾದಗಳ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿಯೇ ಇತ್ತು. ಹೈದರಾಬಾದು ಭಾರತದೊಡನೆ ಕೂಡಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಬಳಿಕ 1950ರ ಡ್ಯುರಾಂಡ್ ಕಪ್ಪನ್ನು ಹೈದರಾಬಾದಿನ ಪೋಲೀಸ್ ತಂಡವು ಗೆದ್ದಿತು, ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸತತವಾಗಿ ಐದು ಸಲ ತನ್ನದಾಗಿಸಿಕೊಂಡಿತು. ಬೀದರ, ಗುಲ್ಬರ್ಗ, ರಾಯಚೂರುಗಳು ಆಗ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳಾಗಿದ್ದುವು. ಕರ್ನಾಟಕದ ಕ್ರೀಡಾಚರಿತ್ರೆಯನ್ನು ಬರೆಯುವವರು 1946–47ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದ ಮೈಸೂರು ತಂಡವನ್ನು ಹೇಗೆ ನಮ್ಮದೆಂದು ಎಣಿಸುವರೋ, ಹಾಗೆಯೇ ಹೈದರಾಬಾದಿನ ಆ ಗೆಲುವುಗಳಲ್ಲಿಯೂ ನಮ್ಮ ಪಾಲನ್ನು ಕೇಳಬೇಕು.

ಕೇಳುವುದಕ್ಕೆ ದಾಖಲೆ ಬೇಕು. ನಿಜಾಮಶಾಹಿಯ ದಫ್ತರಗಳು ಉರ್ದುವಿನಲ್ಲಿವೆ. ಅವುಗಳನ್ನು ಓದಬಲ್ಲ ಹಿರಿಯರು ಈ ಸೀಮೆಯಲ್ಲಿ ಇಂದಿಗೂ ಇರುವರು. ಶಾಲೆಗಳ ಹಳೆಯ ಹಾಜರಿ ಪುಸ್ತಕಗಳನ್ನೂ ಮನೆಮನೆಯ ಪೆಟ್ಟಿಗೆಗಳಲ್ಲಿರುವ ತಂಡಗಳ ಛಾಯಾಚಿತ್ರಗಳನ್ನೂ ಅವರ ಮುಂದಿಟ್ಟು, ಒಂದೇ ಋತು ಆಡಿದವರ ಹೆಸರುಗಳನ್ನೂ ಬಿಡದೆ ಬರೆದುಕೊಳ್ಳುವ ಕಾರ್ಯವನ್ನು ಗುಲ್ಬರ್ಗ ವಿಶ್ವವಿದ್ಯಾಲಯವು ಕೂಡಲೇ ಕೈಗೊಳ್ಳಬೇಕು.