ಹಳೆ ಗಾಡಿಗೆ ಹಳೆ ಬಂಪರ್ರೇ ಚಂದ

ಅಕ್ಕಾರ, ವೈನಿಯಾರ, ಈ ವಾರ ಶೇಂಗಾ ಹೋಳಿಗಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕ ಇರಲಿ. ಇವತ್ತ ನಮ್ಮನಿ ಅಂಬಾಸಡರ್ ಗಾಡಿ ಬಂಪರ್ ಸುದ್ದಿ ಹೇಳೂದೈತಿ. "ಇಕಿಗೆ ಯಾಕ ಬೇಕಿತ್ತು ಗಂಡಸರ ಕೆಲಸ" ಅಂತ ನಗಬ್ಯಾಡ್ರಿ, ಕಡೀತನಕ ಓದ್ರಿ.

ಈ ಗಾಡಿ ನಮ್ಮ ಮಾವನವ್ರದು. ಕೋಲ್ಕತ್ತಾ ಹತ್ರ ಉತ್ತರಪಾಡಾದಾಗ ಹಿಂದೂಸ್ತಾನ್ ಮೋಟರ್ಸ್‌ನವ್ರು ಇದನ್ನ ಮಾಡ್ತಿದ್ರು. 2014ಕ್ಕ ಮಾಡೂದ ನಿಲ್ಲಿಸಿಬಿಟ್ರು. ನನ್ನ ನೆಗೆಣ್ಣಿ ಬಾಣಂತನಕ್ಕ ಬೀಳಗಿಗೆ ಹೋಗಿದ್ದು ಇದ್ರಾಗ, ಮಗಳ ಮದಿವಿ ಸೀರಿ ತರಾಕ ಬನಹಟ್ಟಿಗೆ ಹೋಗಿದ್ದೂ ಇದ್ರಾಗ. ಮಾವನವ್ರು ಹೋದ ಮ್ಯಾಲೂ ನಾವು ಇದನ್ನ ಮಾರಲಿಲ್ಲ.

ಈ ಸಲ ಮಳಿಗಾಲ ಮುಗಿಯೂದ್ರಾಗ ಮುಂದಿನ ಬಂಪರ್ ಹಿಂಬದಿಗೆ ತುಕ್ಕ ಹಿಡಿದಿತ್ತು. ಗ್ಯಾರೇಜಿನಾಂವ, "ಇದನ್ನ ಗುಜರಿಗೆ ಹಾಕ್ರಿ, ದಪ್ಪ ಪೈಪಿನ ಗಾರ್ಡ್ ಕೂಡಸ್ತೀನಿ" ಅಂದ. ನನ್ನ ಮಗನೂ ಹೂಂ ಅಂದ. "ಅವ್ವಾ, ಕಬ್ಬಿನ ಹಂಗಾಮ ಬಂತು. ಮುಧೋಳ ರಸ್ತೆದಾಗ ಒಂದೊಂದ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಇರ್ತಾವ. ಗಾರ್ಡ್ ಇದ್ರ ಗಾಡಿ ಗಟ್ಟಿ" ಅಂತ ಅವನ ವಾದ. ನಾ ಬ್ಯಾಡ ಅಂದೆ. ಯಾಕಂತ ಹೇಳ್ತೀನಿ.

ಗಾರ್ಡಿಗೆ ಬಿದ್ದ ಪೆಟ್ಟು ನೆಟ್ಟಗ ಚಾಸಿಗೆ ಹೋಗತೈತಿ, ಅಲ್ಲಿಂದ ಒಳಗ ಕುಂತವ್ರಿಗೆ ಮುಟ್ಟತೈತಿ. ಹೊರಗ ನಡಕೊಂಡು ಹೊಂಟವ್ರಿಗೆ ಬಡಿದ್ರಂತೂ ಕೇಳಬ್ಯಾಡ್ರಿ. ಅದಕ್ಕ 2017ರ ಡಿಸೆಂಬರದಾಗ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ, ಇಂಥಾ ಗಾರ್ಡ್ ಮೋಟಾರು ವಾಹನ ಕಾಯ್ದೆ 52ನೇ ಕಲಮಿಗೆ ವಿರುದ್ಧ, ಕ್ರಮ ತಗೋರಿ ಅಂತ ಎಲ್ಲಾ ರಾಜ್ಯಕ್ಕೂ ಪತ್ರ ಬರದೈತಿ. ಕಾನೂನು ಹಂಗಿರಲಿ, ಸಂಜಿಮುಂದ ರಸ್ತೆ ಅಂಚಿಗೆ ಮೇವಿನ ಹೊರಿ ಹೊತ್ಕೊಂಡು ಬರವ್ರು ಯಾರು? ನಾವು ನೀವ ಅಲ್ಲೇನು? ನಮ್ಮ ಗಾಡಿ ಗಟ್ಟಿ ಇರ್ಲಿ ಅಂತ ಇನ್ನೊಬ್ಬರ ಎಲವು ಮುರಿಯೂದು ಯಾವ ನ್ಯಾಯ? ಟ್ರೇಲರಿಗೆ ಅಂಜಿಕಿ ಇದ್ರ ಗಾಡಿ ಸಾವಕಾಶ ಹೊಡೀಬೇಕು.

ಹಂಗಾರ ಹಳೇದನ್ನ ಸರಿ ಮಾಡವ್ರು ಯಾರು? ನಾವ ಮಾಡಿದ್ವಿ. ನಮ್ಮ ಮನಿಯವ್ರಿಗೆ ಈಗ ಭುಜಾ ನೋವು, ಬಗ್ಗಾಕ ಆಗೂದಿಲ್ಲ. ಅವ್ರು ಕಟ್ಟಿ ಮ್ಯಾಲೆ ಕುಂತು ಹೇಳಿದ್ರು, ನಾನೂ ಸೊಸೀನೂ ಪಾನಾ ಹಿಡಿದ್ವಿ.

ಮೊದಲ ಎಲ್ಲಾ ಕಡಿಂದ ಮೊಬೈಲದಾಗ ಫೋಟೋ ತಗೊಂಡ್ವಿ. ಹಿಂದಿನ ದಿನ ರಾತ್ರೀನ ನಟ್ಟಿಗೆಲ್ಲಾ ತುಕ್ಕ ಬಿಡಿಸೂ ಸ್ಪ್ರೇ ಹೊಡದು ಬಿಟ್ವಿ. ಕಡ್ಲಿ ನೆನೀ ಹಾಕಿದಂಗ, ಅದಕ್ಕೂ ಒಂದ ರಾತ್ರಿ ಬೇಕು. ಹತ್ತು ವರ್ಷದ ಹಿಂದ ಒಬ್ಬ ಮೇಸ್ತ್ರಿ ತಾಳ್ಮಿ ಇಲ್ದ ಸುತ್ತಿಗಿಲೆ ಬಡದು ಹೊಳಪೆಲ್ಲಾ ಕಿತ್ತಿದ್ದ. ನೆಂದ ನಟ್ಟು ಬಡಿಯೂದ ಬ್ಯಾಡ, ತಾನ ಬಿಡತೈತಿ. ಬಿಚ್ಚಿದ್ದನ್ನ ಎಡಕಿಂದು ಒಂದ ವಾಟಿಗೆ, ಬಲಕಿಂದು ಒಂದ ವಾಟಿಗೆ ಹಾಕಿದ್ವಿ. ಕಡೀ ಬೋಲ್ಟ ಬಿಚ್ಚೂಮುಂದ ಇಬ್ಬರೂ ಎರಡೂ ತುದಿ ಹಿಡಿದಿರಬೇಕು, ಇಲ್ಲಾಂದ್ರ ಕಾಲ ಮ್ಯಾಲ ಬೀಳತೈತಿ. ಕೆಳಗ ಹಳೆ ಕೌದಿ ಹಾಸಿದ್ವಿ.

ಹೊಳಿಯೂ ಬದಿ ಸಾಬೂನ ನೀರಿಲೆ ತೊಳದು, ಚಪಾತಿ ಸುತ್ತೂ ಬೆಳ್ಳಿಹಾಳಿ ಮುದ್ದಿ ಮಾಡಿ ನೀರ ಹಚ್ಚಿ ತಿಕ್ಕಿದ್ರ ಸಣ್ಣ ತುಕ್ಕ ಹೋಗತೈತಿ. ತಾಮ್ರದ ಕೊಡಕ್ಕ ಹಚ್ಚಿದಂಗ ಹುಣಸಿಹಣ್ಣ ಹಚ್ಚಬ್ಯಾಡ್ರಿ, ಹುಳಿ ಒಳಗ ಇಳದ್ರ ಇನ್ನೂ ಕೆಡತೈತಿ. ಹಿಂಬದಿಗೆ ತಂತಿ ಬ್ರಶ್ ಹಾಕಿ ತಿಕ್ಕಿ, ಪೂರಾ ಒಣಗಿಸಿ, ರೆಡ್ ಆಕ್ಸೈಡ್ ಬಣ್ಣ ಹಚ್ಚಿದ್ವಿ. ಮುಂದ ಚಂದ ಕಂಡ್ರೂ ಕೇಡು ಹಿಂದಿಂದ ಸುರು ಆಗತೈತಿ. ಮನಿಗೂ ಇದ ಮಾತು ನೋಡ್ರಿ.

ತಿರುಗಿ ಕೂಡಿಸೂದು ಕೌದಿ ಹೊಲದಂಗ. ಕೌದಿಗೆ ಮೊದಲ ಸಡಲ ಟಾಕಿ ಹಾಕ್ತೀವಿ, ಅರಬಿ ನೆಟ್ಟಗಾದ ಮ್ಯಾಲ ಬಿಗಿ ಹೊಲಿತೀವಿ. ಹಂಗ ಎಲ್ಲಾ ಬೋಲ್ಟನೂ ಕೈಲೆ ಸಡಲ ತಿರುವಿ, ಎರಡೂ ತುದಿ ನೆಲದಿಂದ ಟೇಪ್ ಹಿಡದು ಅಳದು, ಸಮಾ ಬಂದ ಮ್ಯಾಲ ಪಾನಾ ಹಾಕಿದ್ವಿ. ಒಂದ ಕಡೆ ಮೊದಲ ಬಿಗದ್ರ ಇನ್ನೊಂದ ಕಡೆ ತೂತ ಕೂಡೂದ ಇಲ್ಲ. ಅದು ನಮಗ ಒಂದ ಸಲ ಬಿಗದು ಬಿಚ್ಚಿದ ಮ್ಯಾಲ ತಿಳೀತು!

ಎರಡು ದಿನ ಹೋದ್ವು, ಬೆನ್ನೂ ನೋವಾತು, ಸುಳ್ಳ ಯಾಕ ಹೇಳ್ಲಿ. ಕಬ್ಬಿಣ ಪೂರಾ ತೂತ ಬಿದ್ದಿದ್ರ ಇದು ಆಗ್ತಿರಲಿಲ್ಲ, ಬೆಸಿಗಿ ಹಾಕವ್ರ ಹತ್ರ ಒಯ್ಯಬೇಕಿತ್ತು. ಬ್ರೇಕು, ಸ್ಟೇರಿಂಗ್ ಅಂತೂ ಮನ್ಯಾಗ ಮುಟ್ಟೂದ ಬ್ಯಾಡ, ಅದು ತಿಳದವ್ರ ಕೆಲಸ. ಬಂಪರ್ ಮಾತ್ರ ನಮ್ಮ ಕೈಲೆ ಆಗೂವಂಥಾದ್ದು.

ಸಂಜೀಕ ಮಗ ಬಂದು ನೋಡಿ ಏನೂ ಅನ್ನಲಿಲ್ಲ. ಒಂದೊಂದ ನಟ್ಟಿಗೂ ಪಾನಾ ಹಾಕಿ ತಪಾಸ ಮಾಡಿದ. ಗಾರ್ಡಿನ ಮಾತು ಮತ್ತ ತಗಿಲಿಲ್ಲ. ಮನಿಯವ್ರು ಕಟ್ಟಿ ಇಳದು ಬಂದು ಬಂಪರ್ ಮ್ಯಾಲ ಕೈಯಾಡಿಸಿ, "ಅಪ್ಪ ಇದ್ರ ಖುಷಿ ಪಡ್ತಿದ್ದ" ಅಂದ್ರು.

ನಿಮ್ಮ ಮನಿ ಗಾಡಿಗೆ ಅಂಥಾ ಗಾರ್ಡ್ ಇದ್ರ ಇವತ್ತ ರಾತ್ರಿ ಊಟಕ್ಕ ಕುಂತಾಗ ಮಾತ ತಗೀರಿ. ರಸ್ತೆದಾಗ ನಡಿಯವ್ರೂ ನಮ್ಮವ್ರ ಅಂತ ಹೇಳ್ರಿ.